ಮಳೆನೀರಿನ ದೋಣಿ ಬದಲಿಸಿದ ಹನ್ನೊಂದು ತಿಂಗಳು

ಕಳೆದ ವಾರ ನಮ್ಮ ಮನೆಯ ಸೂರಿನ ದೋಣಿಗೆ ಕೊನೆಯ ಕ್ಲಾಂಪ್ ಬಿಗಿದು ಸಾರವೆ ಬಿಚ್ಚಿದರು. ಮಲಗುವ ಕೋಣೆಯ ಗೋಡೆಯಲ್ಲಿ ಅಂಗೈಯಗಲದ ತೇವದ ಕಲೆ ಮೊದಲು ಕಾಣಿಸಿದ ದಿನದಿಂದ ಲೆಕ್ಕ ಹಾಕಿದರೆ ಈ ಕೆಲಸಕ್ಕೆ ಹನ್ನೊಂದು ತಿಂಗಳು ಹಿಡಿದಿದೆ. ಮನೆಯ ದೋಣಿಯ ಜೊತೆಗೆ, ಪಕ್ಕದಲ್ಲಿರುವ, ನಾವು ಬಾಡಿಗೆಗೆ ಕೊಟ್ಟಿರುವ ಗೋದಾಮಿನ ದೋಣಿಯನ್ನೂ ಇದೇ ಅವಧಿಯಲ್ಲಿ ಬದಲಿಸಬೇಕಾಯಿತು. ಕೆಲವು ಸಂಗತಿಗಳು ಮೊದಲೇ ತಿಳಿದಿದ್ದರೆ ಕನಿಷ್ಠ ಐದು ತಿಂಗಳು ಉಳಿಯುತ್ತಿತ್ತು ಎಂಬುದು ನನ್ನ ಅಂದಾಜು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಅದಾದರೂ ಉಳಿಯಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ದೋಣಿ ಎಂದಾಗಲೆಲ್ಲ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ಗಟರ್ ಎಂದೇ ಓದಿಕೊಳ್ಳಬೇಕು.

ಕಲೆ ಕಂಡ ಮೊದಲ ಮೂರು ತಿಂಗಳು ನಾವು ದೋಣಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಗೋಡೆ ಒದ್ದೆಯಾಗಿದೆ ಎಂದರೆ ಗೋಡೆಯದೇ ದೋಷ ಎಂದು ನಂಬಿ, ಮೊದಲು ಬಣ್ಣ ಕೆರೆದು ಜಲನಿರೋಧಕ ಲೇಪನ ಬಳಿಸಿದೆವು. ಆರು ವಾರಗಳಲ್ಲಿ ಆ ಲೇಪನವೇ ಗುಳ್ಳೆಯೆದ್ದು, ಅದರ ಹಿಂದಿನಿಂದ ಬಿಳಿ ಉಪ್ಪಿನ ಪುಡಿ ಉದುರತೊಡಗಿತು. ನಂತರ ಒಳಗಿನ ನೀರಿನ ಕೊಳವೆ ಸೋರುತ್ತಿರಬಹುದೆಂದು ಗಿಲಾವು ಒಡೆಸಿದೆವು. ಕೊಳವೆ ಒಣಗಿಯೇ ಇತ್ತು. ಮೂರನೆಯ ಬಾರಿ ಹೊರಗೋಡೆಯ ಬಿರುಕುಗಳನ್ನು ತುಂಬಿಸಿದೆವು. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಕೆಲವು ದಿನ ಬಿಸಿಲು ಬಿದ್ದು ಗೋಡೆ ಒಣಗಿದಂತೆ ಕಾಣುತ್ತಿದ್ದುದರಿಂದ, ಮುಂದಿನ ಮಳೆಯವರೆಗೆ ಸಮಸ್ಯೆ ತೀರಿತೆಂದೇ ಭಾವಿಸುತ್ತಿದ್ದೆವು.

ಒಂದು ರಾತ್ರಿ ಜೋರು ಮಳೆ ಸುರಿಯುತ್ತಿದ್ದಾಗ ಕೊಡೆ ಹಿಡಿದು, ಟಾರ್ಚ್ ತೆಗೆದುಕೊಂಡು ಹೊರಗೆ ಹೋದೆ. ದೋಣಿಯ ಮುಂದಿನ ಅಂಚಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ದೋಣಿ ತುಂಬಿ ನೀರು ಹಿಂದಕ್ಕೆ ಹೊರಳುತ್ತಿತ್ತು. ದೋಣಿಗೂ ಅದನ್ನು ಬಿಗಿದ ಹಲಗೆಗೂ ನಡುವಿನ ಬೆರಳಗಲದ ಸಂದಿಯಲ್ಲಿ ಇಳಿದು, ಹಲಗೆಯ ತಳಕ್ಕೆ ಅಂಟಿಕೊಂಡು, ದಾರದಂತೆ ತೆಳುವಾಗಿ ಹರಿದು, ಒಂದು ತುಕ್ಕು ಹಿಡಿದ ಮೊಳೆಯ ಹತ್ತಿರ ತಿರುಗಿ ಗೋಡೆಯ ತಲೆಗೆ ಸೇರುತ್ತಿತ್ತು. ಆ ಮೊಳೆಯ ನೇರ ಕೆಳಗೇ ಒಳಗಿನ ಕಲೆ ಇತ್ತು. ಟಾರ್ಚ್ ಬೆಳಕಿನಲ್ಲಿ ಆ ನೀರಿನ ಎಳೆಯನ್ನು ಕಂಡಾಗ ಸಿಟ್ಟಿಗಿಂತ ಹೆಚ್ಚಾಗಿ ನಿರಾಳವೆನಿಸಿತು, ಏಕೆಂದರೆ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕಾರಣ ಕಣ್ಣೆದುರಿಗೆ ಇತ್ತು. ದೋಣಿಯ ಬಗ್ಗೆ ಯಾರಿಗಾದರೂ ಫೋನ್ ಮಾಡುವ ಮೊದಲು ಮಳೆ ಬರುವಾಗಲೇ ಹೊರಗೆ ನಿಂತು ಕಾಲು ಗಂಟೆ ನೋಡಬೇಕೆಂದು ಎಲ್ಲರಿಗೂ ಹೇಳುತ್ತೇನೆ. ಮುಂದಿನ ಅಂಚಿನಿಂದ ಚೆಲ್ಲಿದರೆ ಸಾಮರ್ಥ್ಯ ಸಾಲದು ಅಥವಾ ಎಲ್ಲೋ ಕಟ್ಟಿಕೊಂಡಿದೆ, ಹಿಂದಿನಿಂದ ಇಳಿದರೆ ದೋಣಿ ವಾಲಿದೆ, ಒಂದೇ ಬಿಂದುವಿನಲ್ಲಿ ತೊಟ್ಟಿಕ್ಕಿದರೆ ಜೋಡಣೆ ಬಿಟ್ಟಿದೆ. ಇವೆಲ್ಲವೂ ಬಿಸಿಲಿನಲ್ಲಿ ಒಂದೇ ತರಹ ಕಾಣುತ್ತವೆ.

ಮರುದಿನ ಏಣಿ ಹತ್ತಿ ಅಳತೆ ತೆಗೆದೆ. ದೋಣಿಯ ಉದ್ದ 12 ಮೀಟರ್. ನೀರು ಇಳಿಯುವ ಕಿಂಡಿ ಒಂದೇ ತುದಿಯಲ್ಲಿತ್ತು. ದಾರ ಕಟ್ಟಿ ರಸಮಟ್ಟ ಹಿಡಿದು ನೋಡಿದರೆ, ಕಿಂಡಿಯಿರುವ ತುದಿಯೇ ನಡುಭಾಗಕ್ಕಿಂತ 15 ಮಿಲಿಮೀಟರ್ ಎತ್ತರದಲ್ಲಿತ್ತು, ಅಂದರೆ ವಾಟ ಉಲ್ಟಾ ಆಗಿತ್ತು. ಬ್ರಾಕೆಟ್‌ಗಳ ನಡುವೆ ಒಂದೂಕಾಲು ಮೀಟರಿನಷ್ಟು ಅಂತರವಿದ್ದುದರಿಂದ ದೋಣಿ ವರ್ಷಗಳಿಂದ ನಿಧಾನವಾಗಿ ಜೋತುಬಿದ್ದಿತ್ತು. ನಡುವಿನ ತಗ್ಗಿನಲ್ಲಿ ಎಲೆ ಕೊಳೆತು, ಹೆಂಚಿನ ಪುಡಿ ಸೇರಿ ಕಪ್ಪು ಮಣ್ಣಾಗಿ, ಅದರಲ್ಲಿ ಗೇಣುದ್ದದ ಎರಡು ಗಿಡಗಳು ಬೇರು ಬಿಟ್ಟಿದ್ದವು.

ಮುಂದಿನ ಪ್ರಶ್ನೆ ನೀರಿನ ಪ್ರಮಾಣದ್ದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇಳಿಜಾರು ಮಾಡಿಗೆ ಗಾಳಿಯ ಜೊತೆ ಓರೆಯಾಗಿ ಬೀಳುವ ಮಳೆಯನ್ನೂ ಸೇರಿಸಬೇಕಾದ್ದರಿಂದ, ಮಾಡಿನ ಸಮತಲದ ಅಗಲಕ್ಕೆ ಅದರ ಎತ್ತರದ ಅರ್ಧವನ್ನು ಕೂಡಿಸಿ ಉದ್ದದಿಂದ ಗುಣಿಸುವುದು ರೂಢಿಯ ಲೆಕ್ಕ. ನಮ್ಮ ಮಾಡಿನ ಆ ಬದಿಯ ಅಗಲ 5 ಮೀಟರ್, ಎತ್ತರ 2 ಮೀಟರ್. ಹಾಗಾಗಿ 6 ಮೀಟರನ್ನು 12ರಿಂದ ಗುಣಿಸಿ 72 ಚದರ ಮೀಟರ್ ಎಂದು ಹಿಡಿದೆವು. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದರೆ ಅದು ಸೆಕೆಂಡಿಗೆ 2 ಲೀಟರ್, ಅಂದರೆ ಐದು ಸೆಕೆಂಡಿಗೆ ಹತ್ತು ಲೀಟರಿನ ಒಂದು ಬಕೆಟ್ ತುಂಬುವಷ್ಟು. ಅಷ್ಟೂ ನೀರು 12 ಮೀಟರ್ ಓಡಿ ಒಂದೇ ಕಿಂಡಿಯಲ್ಲಿ ಇಳಿಯಬೇಕಿತ್ತು. ಕಿಂಡಿಯನ್ನು ನಡುವಿಗೆ ತಂದರೆ ಅಥವಾ ಎರಡೂ ತುದಿಗಳಲ್ಲಿ ಕಿಂಡಿ ಇಟ್ಟರೆ ದೋಣಿಯ ಪ್ರತಿ ಭಾಗದ ಮೇಲೆ ಬೀಳುವ ಹೊರೆ ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ದೋಣಿ ಕೊಳ್ಳುವುದಕ್ಕಿಂತ ಇದು ಎಷ್ಟೋ ಸಲ ಅಗ್ಗದ ಪರಿಹಾರ ಎಂಬುದನ್ನು ನಮಗೆ ಯಾವ ಮಾರಾಟಗಾರರೂ ಹೇಳಲಿಲ್ಲ. ನಮ್ಮಲ್ಲಿ ನಡುವೆ ಕಿಟಕಿ ಇದ್ದುದರಿಂದ ಎರಡು ತುದಿಗಳನ್ನು ಆರಿಸಿಕೊಂಡೆವು.

ದರಪಟ್ಟಿಗಾಗಿ ಕಾದದ್ದು ಆರು ವಾರ. ಮೂವರು ಬಂದರು. ಒಬ್ಬರು ಏಣಿಯನ್ನೇ ಹತ್ತದೆ ನೆಲದಿಂದ ನೋಡಿ ಮೊತ್ತ ಹೇಳಿದರು. ಬಂದ ಮೂರು ಪಟ್ಟಿಗಳನ್ನು ಹೋಲಿಸಲು ಕುಳಿತಾಗ ಅವು ಒಂದೇ ಕೆಲಸದ ಪಟ್ಟಿಗಳೇ ಅಲ್ಲವೆಂದು ತಿಳಿಯಿತು. ಒಂದರಲ್ಲಿ ಸಾರವೆ ಸೇರಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಹಳೆಯದನ್ನು ಕಳಚಿ ಸಾಗಿಸುವ ಖರ್ಚನ್ನು ಮೂವರೂ ಬಿಟ್ಟಿದ್ದರು. ಕೊನೆಗೆ ನಾನೇ ಒಂದು ಹಾಳೆಯಲ್ಲಿ ದೋಣಿಯ ಉದ್ದ, ಲೋಹದ ದಪ್ಪ, ಬ್ರಾಕೆಟ್‌ಗಳ ಅಂತರ, ಕಿಂಡಿಗಳ ಸಂಖ್ಯೆ, ಕೊಳವೆಯ ಅಳತೆ, ಹಲಗೆ ಕೊಳೆತಿದ್ದರೆ ಮೀಟರಿಗೆ ಎಷ್ಟು ಎಂಬುದು, ಸಾರವೆ, ಹಳೆಯದರ ವಿಲೇವಾರಿ, ನೀರು ಬಿಟ್ಟು ಪರೀಕ್ಷೆ ಎಂದು ಸಾಲುಸಾಲಾಗಿ ಬರೆದು ಮೂವರಿಗೂ ಕೊಟ್ಟೆ. ಎರಡು ವಾರಗಳಲ್ಲಿ ಬಂದ ಹೊಸ ಪಟ್ಟಿಗಳಲ್ಲಿ, ಮೊದಲು ಅತಿ ಕಡಿಮೆ ಹೇಳಿದ್ದವರದ್ದೇ ಅತಿ ಹೆಚ್ಚಾಗಿತ್ತು.

ಲೋಹವೋ ಪ್ಲಾಸ್ಟಿಕ್ಕೋ ಎಂಬುದರಲ್ಲಿ ಮನೆಯವರಲ್ಲೇ ಭಿನ್ನಾಭಿಪ್ರಾಯವಿತ್ತು. ಯುಪಿವಿಸಿ ಹಗುರ, ತುಕ್ಕು ಹಿಡಿಯುವುದಿಲ್ಲ, ಕೈಗೆಟಕುವ ಬೆಲೆಗೆ ಸಿಗುತ್ತದೆ. ಆದರೆ ಬಿಸಿಲಿಗೆ ಅದು ಹಿಗ್ಗುವುದನ್ನು ಯಾರೂ ಲಘುವಾಗಿ ಎಣಿಸಬಾರದು. 12 ಮೀಟರ್ ಉದ್ದದ ದೋಣಿ 40 ಡಿಗ್ರಿಗಳ ಏರಿಳಿತದಲ್ಲಿ ಸುಮಾರು 3 ಸೆಂಟಿಮೀಟರ್ ಉದ್ದವಾಗುತ್ತದೆ, ಅಲ್ಯೂಮಿನಿಯಂ ಆದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಸತು ಲೇಪಿಸಿದ ಉಕ್ಕು ಅದರ ಅರ್ಧದಷ್ಟು. ಪ್ಲಾಸ್ಟಿಕ್ ದೋಣಿಯ ಜೋಡಣೆಗಳಲ್ಲಿ ಹಿಗ್ಗಲು ಜಾಗ ಬಿಡುವ ಗುರುತುಗಳಿರುವುದು ಇದಕ್ಕಾಗಿಯೇ. ಅವಸರದಲ್ಲಿ ತುದಿಗೆ ತುದಿ ಒತ್ತಿ ಕೂರಿಸಿದರೆ ಒಂದೆರಡು ವರ್ಷಗಳಲ್ಲಿ ಬಿರುಕು ಬಿಡುತ್ತದೆ ಅಥವಾ ಜೋಡಣೆ ಕಳಚುತ್ತದೆ. ಸತು ಲೇಪಿಸಿದ ತಗಡು ಗಟ್ಟಿ, ಆದರೆ ಕತ್ತರಿಸಿದ ಅಂಚು ಮತ್ತು ನೀರು ನಿಲ್ಲುವ ಜಾಗಗಳಲ್ಲಿ ತುಕ್ಕು ಮೊದಲು ಹಿಡಿಯುತ್ತದೆ. ತಾಮ್ರ ತಲೆಮಾರುಗಳ ಕಾಲ ಬಾಳುತ್ತದೆಯಾದರೂ ನಮ್ಮ ಕೈಗೆ ನಿಲುಕುವಂತಿರಲಿಲ್ಲ, ಅಲ್ಲದೆ ತಾಮ್ರದ ಮೇಲೆ ಹರಿದ ನೀರು ಅಲ್ಯೂಮಿನಿಯಂ ಅಥವಾ ಸತುವಿನ ಮೇಲೆ ಬಿದ್ದರೆ ಅವುಗಳನ್ನು ತಿನ್ನುತ್ತದೆ. ನಾವು ಕೊನೆಗೆ ಸ್ಥಳದಲ್ಲೇ ಯಂತ್ರದಿಂದ ಒಂದೇ ಉದ್ದಕ್ಕೆ ಎಳೆಯುವ, ನಡುವೆ ಜೋಡಣೆಯಿಲ್ಲದ 0.8 ಮಿಲಿಮೀಟರ್ ಅಲ್ಯೂಮಿನಿಯಂ ದೋಣಿಯನ್ನು ಒಪ್ಪಿದೆವು. ಸೋರಿಕೆಯ ಬಹುಪಾಲು ಶುರುವಾಗುವುದೇ ಜೋಡಣೆಗಳಲ್ಲಾದ್ದರಿಂದ ಈ ಆಯ್ಕೆಯ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಗೋದಾಮಿನ ಕಥೆ ಬೇರೆ. ಅಲ್ಲಿ ಎರಡು ಇಳಿಜಾರು ಮಾಡುಗಳು ನಡುವೆ ಕೂಡುವಲ್ಲಿ, ಕಟ್ಟಡದ ಒಳಭಾಗದ ಮೇಲೆಯೇ, 20 ಮೀಟರ್ ಉದ್ದದ ಪೆಟ್ಟಿಗೆಯಾಕಾರದ ದೋಣಿ ಇದೆ. ಮನೆಯ ದೋಣಿ ತುಂಬಿದರೆ ನೀರು ಬಹುಮಟ್ಟಿಗೆ ಹೊರಗೆ ಬೀಳುತ್ತದೆ, ಈ ದೋಣಿ ತುಂಬಿದರೆ ನೇರವಾಗಿ ಬಾಡಿಗೆದಾರರ ಸಾಮಾನಿನ ಮೇಲೆ ಬೀಳುತ್ತದೆ. ಮನೆಯ ಕೆಲಸದ ಮಾತುಕತೆ ನಡೆಯುತ್ತಿರುವಾಗಲೇ ಹಾಗೆ ಬಿದ್ದು ರಟ್ಟಿನ ಪೆಟ್ಟಿಗೆಗಳು ನೆನೆದವು. ಅಂದು ನಾನು ಅಳೆದು ನೋಡಿದೆ. 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳದ ಆ ದೋಣಿ ಪೂರ್ತಿ ತುಂಬಿದರೆ 1,200 ಲೀಟರ್ ನೀರು, ಅಂದರೆ 1.2 ಟನ್ ತೂಕ, ಮಾಡಿನ ಉಕ್ಕಿನ ಚೌಕಟ್ಟಿನ ಮೇಲೆ ಕೂರುತ್ತದೆ. ಕಿಂಡಿ ಮುಚ್ಚಿಹೋದರೆ ನೀರು ಹೊರಹೋಗಲು ತುದಿಯ ಗೋಡೆಯಲ್ಲಿ ಬೇರೆ ದಾರಿಯೇ ಇರಲಿಲ್ಲ. ವಾಣಿಜ್ಯ ಕಟ್ಟಡದ ಒಳದೋಣಿಗೆ ಹೀಗೊಂದು ತುರ್ತು ಕಿಂಡಿ, ದೋಣಿಯ ಬಾಯಿಗಿಂತ ಕೆಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ನೀರು ಸುರಿಯುವಂತೆ ಇರಲೇಬೇಕು. ಅದರಿಂದ ನೀರು ಬಂದರೆ ಮುಖ್ಯ ಕಿಂಡಿ ಕಟ್ಟಿದೆ ಎಂದು ಅಂಗಳದಲ್ಲಿ ನಿಂತವರಿಗೂ ತಿಳಿಯುತ್ತದೆ.

ಇಲ್ಲಿಂದ ಕಾಗದಪತ್ರಗಳ ಓಡಾಟ ಶುರುವಾಯಿತು. ಬಾಡಿಗೆದಾರರಿಗೆ ಕೆಲಸದ ದಿನಾಂಕಗಳ ಲಿಖಿತ ಸೂಚನೆ ಕೊಡಬೇಕಿತ್ತು, ಸಾರವೆಯ ಕಾಲುಗಳು ನೆರೆಯವರ ಜಾಗದಲ್ಲಿ ಊರಬೇಕಾದ್ದರಿಂದ ಅವರ ಒಪ್ಪಿಗೆ ಪತ್ರ ಬೇಕಿತ್ತು, ನೆಲದಡಿಯ ಕೊಳವೆ ಎಲ್ಲಿ ಹೋಗುತ್ತದೆಂದು ತಿಳಿಯಲು ಕಟ್ಟಡದ ಮೂಲ ನಕ್ಷೆ ಬೇಕಿತ್ತು. ನಕ್ಷೆ ಸಿಗಲು ಒಂದು ತಿಂಗಳಾಯಿತು. ವಿಮೆಗೆ ಅರ್ಜಿ ಹಾಕಿದಾಗ ಅವರು ಕೇಳಿದ ಮೊದಲ ದಾಖಲೆ ದೋಣಿಯನ್ನು ಶುಚಿಗೊಳಿಸಿದ ದಿನಾಂಕಗಳದ್ದು. ನಮ್ಮ ಬಳಿ ಅಂಥ ದಾಖಲೆಯೇನೂ ಇರಲಿಲ್ಲ. ದೀರ್ಘಕಾಲದ ಸವಕಳಿ ಮತ್ತು ನಿರ್ವಹಣೆಯ ಕೊರತೆಯಿಂದಾದ ಹಾನಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು, ನೆನೆದ ಸಾಮಾನಿನ ನಷ್ಟವನ್ನು ನಾವೇ ತುಂಬಿದೆವು. ದೋಣಿ ತೊಳೆದ ಪ್ರತಿ ಬಾರಿಯೂ ಮೊದಲು ಮತ್ತು ನಂತರ ಒಂದೊಂದು ಫೋಟೊ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಾವು ಕೊಡದೇ ಹೋದದ್ದಕ್ಕೆ ನನಗೆ ಇಂದಿಗೂ ನೋವಿದೆ.

ಇನ್ನೊಂದು ತಡೆ ಯಾರೂ ಊಹಿಸದ ಕಡೆಯಿಂದ ಬಂತು. ಗೋದಾಮಿನ ಹಿಂಬದಿಯ ಸಣ್ಣ ಮಾಡಿಗೆ ಬೂದು ಬಣ್ಣದ, ಒರಟು ಮೈಯ ಹಳೆಯ ದೋಣಿಯೊಂದಿತ್ತು. ಕೆಲಸಗಾರರೊಬ್ಬರು ಅದಕ್ಕೆ ಗರಗಸ ಹಾಕಲು ಹೊರಟಾಗ ಮೇಲ್ವಿಚಾರಕರು ತಡೆದು, ಅದು ಕಲ್ನಾರು ಸಿಮೆಂಟಿನದ್ದಿರಬಹುದು ಎಂದರು. ಕಲ್ನಾರಿನ ಎಳೆಗಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಮಾರಕ ರೋಗ ತರಬಲ್ಲವು, ಹಾಗಾಗಿ ಅಂಥ ವಸ್ತುವನ್ನು ಕೊಯ್ಯಬಾರದು, ಕೊರೆಯಬಾರದು, ಒಡೆಯಬಾರದು. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಬರುವವರೆಗೆ ಮೂರು ವಾರ ಕೆಲಸ ನಿಂತಿತು. ಅನುಮಾನ ನಿಜವಾಗಿತ್ತು. ತರಬೇತಿ ಪಡೆದ ತಂಡ ಬಂದು ಅದನ್ನು ಒದ್ದೆ ಮಾಡಿ, ತುಂಡರಿಸದೆ ಇಡಿಯಾಗಿ ಇಳಿಸಿ, ದಪ್ಪ ಹಾಳೆಯಲ್ಲಿ ಸುತ್ತಿ ಒಯ್ದಿತು. ಹಳೆಯ ಕಟ್ಟಡವಿರುವವರು ಈ ಪರೀಕ್ಷೆಯನ್ನು ದರಪಟ್ಟಿಯ ಹಂತದಲ್ಲೇ ಮಾಡಿಸಿಕೊಂಡರೆ ಬಾಡಿಗೆಗೆ ತಂದ ಸಾರವೆ ಸುಮ್ಮನೆ ನಿಲ್ಲುವುದು ತಪ್ಪುತ್ತದೆ.

ಮನೆಯ ಹಳೆಯ ದೋಣಿಯನ್ನು ಕಳಚಿದ ದಿನ ಅದರ ಹಿಂದಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದರು. ಅದು ಯಾವ ಪ್ರತಿರೋಧವೂ ಇಲ್ಲದೆ ಹಿಡಿಯವರೆಗೆ ಒಳಗೆ ಹೋಯಿತು, ಹೊರತೆಗೆದಾಗ ತುದಿಯಲ್ಲಿ ಒದ್ದೆ ನಶ್ಯದಂಥ ಪುಡಿ ಅಂಟಿತ್ತು. 12 ಮೀಟರಿನಲ್ಲಿ 7 ಮೀಟರ್ ಹಲಗೆ ಮತ್ತು ಎರಡು ಪಕ್ಕಾಸುಗಳ ತುದಿ ಬದಲಾಗಬೇಕಾಯಿತು. ಇದರಿಂದ ಮನೆಯ ಕೆಲಸದ ಖರ್ಚು ಐದನೇ ಒಂದು ಭಾಗ ಏರಿತು. ಹಲಗೆಗೆ ಮೀಟರ್ ಲೆಕ್ಕದ ದರವನ್ನು ಮೊದಲೇ ಬರೆಸಿಕೊಂಡಿದ್ದರಿಂದ ಚೌಕಾಸಿ ಬೇಕಾಗಲಿಲ್ಲ. ಆದರೆ ಮರ ಬರುವವರೆಗೆ ನಾಲ್ಕು ದಿನ ಸೂರು ಬರಿದಾಗಿತ್ತು. ಟಾರ್ಪಾಲು ಹೊದಿಸಿ, ರಾತ್ರಿ ಗಾಳಿ ಬೀಸಿದಾಗಲೆಲ್ಲ ಎದ್ದು ಅದರ ಹಗ್ಗ ನೋಡಿ ಬರುತ್ತಿದ್ದೆವು.

ಜೋಡಿಸುವಾಗ ಪಕ್ಕದಲ್ಲೇ ನಿಂತಿದ್ದರಿಂದ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ನಡುವನ್ನು ಎತ್ತರವಾಗಿಟ್ಟು ಎರಡೂ ತುದಿಗಳಿಗೆ ತಲಾ 6 ಮೀಟರಿಗೆ 20 ಮಿಲಿಮೀಟರ್ ವಾಟ ಕೊಟ್ಟರು, ಅಂದರೆ 300ಕ್ಕೆ 1. ನೆಲದಿಂದ ನೋಡಿದರೆ ದೋಣಿ ಮಟ್ಟಸವಾಗಿಯೇ ಕಾಣುತ್ತದೆ, ನೀರು ಮಾತ್ರ ದಾರಿ ಕಂಡುಕೊಳ್ಳುತ್ತದೆ. ಬ್ರಾಕೆಟ್‌ಗಳನ್ನು 60 ಸೆಂಟಿಮೀಟರಿಗೊಂದರಂತೆ ಹಾಕಿ, ಸಾಧ್ಯವಾದಲ್ಲೆಲ್ಲ ಸ್ಕ್ರೂ ಹಲಗೆಯನ್ನು ದಾಟಿ ಪಕ್ಕಾಸಿನ ತುದಿಗೆ ಹೋಗುವಂತೆ ನೋಡಿಕೊಂಡರು. ದೋಣಿಯ ಮುಂದಿನ ಅಂಚು ಹಿಂದಿನದಕ್ಕಿಂತ ತುಸು ಕೆಳಗಿರುವಂತೆ ಕೂರಿಸಿದ್ದು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯ ಪಾಠ, ಏಕೆಂದರೆ ತುಂಬಿ ಚೆಲ್ಲಿದರೂ ನೀರು ಗೋಡೆಯಿಂದ ದೂರ ಬೀಳುತ್ತದೆ. ಕೊನೆಯ ಸಾಲಿನ ಹೆಂಚಿನ ಕೆಳಗಿನಿಂದ ದೋಣಿಯೊಳಕ್ಕೆ ಇಳಿಯುವಂತೆ ತಗಡಿನ ಪಟ್ಟಿಯನ್ನೂ ಮಡಚಿ ಹಾಕಿದರು. ಹಳೆಯದರಲ್ಲಿ ಆ ಪಟ್ಟಿಯೇ ಇರಲಿಲ್ಲ.

ಒಂದು ಕಡೆ ಮಾತ್ರ ಕೆಲಸ ನಿಲ್ಲಿಸಬೇಕಾಯಿತು. ತುದಿಯ ಮುಚ್ಚಳಕ್ಕೆ ಹಚ್ಚಲು ತಂದ ಸಿಲಿಕೋನ್ ಟ್ಯೂಬಿನ ಬಾಯಿ ಕತ್ತರಿಸಿದ ಕೂಡಲೇ ವಿನೆಗರಿನಂಥ ಹುಳಿವಾಸನೆ ಬಂತು. ಆ ಬಗೆಯದು ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಲೋಹವನ್ನು ಕೊರೆಯುತ್ತದೆ. ಲೋಹದ ದೋಣಿಗೆ ನ್ಯೂಟ್ರಲ್ ಬಗೆಯ ಸೀಲಂಟ್ ಆಗಬೇಕು. ಬೇರೆ ಟ್ಯೂಬ್ ತರಿಸಲು ಅರ್ಧ ದಿನ ಹೋಯಿತು.

ಗೋದಾಮಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯ ದೋಣಿಯನ್ನು ಬೆಸುಗೆ ಹಾಕಿ ಮಾಡಿಸಿದೆವು. 20 ಮೀಟರ್ ಉದ್ದದಲ್ಲಿ 40 ಡಿಗ್ರಿ ಏರಿಳಿತಕ್ಕೆ ಅದೂ ಸುಮಾರು 14 ಮಿಲಿಮೀಟರ್ ಹಿಗ್ಗುವುದರಿಂದ, ನಡುವೆ ಹಿಗ್ಗುವಿಕೆಯ ಜೋಡಣೆ ಇಟ್ಟು ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೂ ತನ್ನದೇ ಕಿಂಡಿ ಮತ್ತು ತುರ್ತು ಕಿಂಡಿ ಕೊಟ್ಟರು. ಕೆಲಸ ಮುಗಿದ ಮೇಲೆ ಮುಖ್ಯ ಕಿಂಡಿಗಳನ್ನು ಮುಚ್ಚಿ ದೋಣಿಗೆ ನೀರು ತುಂಬಿಸಿ, ತುರ್ತು ಕಿಂಡಿಯಿಂದ ಅದು ಹೊರಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೊನೆಯ ಕಂತು ಪಾವತಿಸಿದೆವು.

ಮನೆಯ ಪರೀಕ್ಷೆಯಲ್ಲಿ ಮಾತ್ರ ಎದೆ ಧಸಕ್ಕೆಂದಿತು. ಹೊಸ ದೋಣಿ, ಹೊಸ ಕೊಳವೆ, ಆದರೂ ಹೋಸ್ ಬಿಟ್ಟ ಹತ್ತು ನಿಮಿಷದಲ್ಲಿ ಹಳೆಯ ತುದಿಯಲ್ಲಿ ನೀರು ಮೇಲಕ್ಕೆ ಉಕ್ಕಿತು. ಕೊಳವೆ ನೆಲದಡಿಯ ಗುಂಡಿಗೆ ಸೇರುವಲ್ಲಿ ಬೇರುಗಳು ನುಗ್ಗಿ ಜಡೆ ಹೆಣೆದಂತೆ ಕಟ್ಟಿಕೊಂಡಿದ್ದವು. ಅಗೆದು ಎರಡು ಮೀಟರ್ ಕೊಳವೆ ಬದಲಿಸಲು ಇನ್ನೂ ಒಂಬತ್ತು ದಿನ ಬೇಕಾಯಿತು. ಬದಲಾವಣೆಗೆ ಕೈ ಹಾಕುವವರು ನೆಲದಡಿಯ ಕೊಳವೆಗೆ ಮೊದಲ ದಿನವೇ ನೀರು ಬಿಟ್ಟು ನೋಡಬೇಕು. ಎರಡನೆಯ ತುದಿಯ ನೀರನ್ನು ಸಂಗ್ರಹ ತೊಟ್ಟಿಗೆ ತಿರುಗಿಸಿದ್ದೇವೆ. ಮಾಡಿನ ಧೂಳು ಮತ್ತು ಹಕ್ಕಿಗಳ ಹಿಕ್ಕೆ ತೊಟ್ಟಿಗೆ ಸೇರದಂತೆ ಮೊದಲ ಒಂದು ಮಿಲಿಮೀಟರ್ ಮಳೆಯನ್ನು, ಅಂದರೆ 30 ಚದರ ಮೀಟರ್ ಮಾಡಿನ 30 ಲೀಟರನ್ನು, ಹೊರಗೆ ಬಿಡುವ ವ್ಯವಸ್ಥೆ ಇದೆ. ತೊಟ್ಟಿ ಇಲ್ಲದವರು ಕೊಳವೆಯ ಬಾಯಿಯನ್ನು ಪಾಯದಿಂದ ಒಂದೂವರೆ ಎರಡು ಮೀಟರ್ ಆಚೆಗಾದರೂ ಒಯ್ಯಬೇಕು.

ಎಲೆ ತಡೆಯುವ ಜಾಲರಿ ಹಾಕಿಸಬೇಕೇ ಎಂದು ಹಲವರು ಕೇಳುತ್ತಾರೆ. ನಾವು ಕಿಂಡಿಯ ಬಾಯಿಗೆ ಮಾತ್ರ ತಂತಿಯ ಬುಟ್ಟಿ ಇಟ್ಟಿದ್ದೇವೆ. ಪೂರ್ತಿ ಜಾಲರಿ ಹಾಕಿದರೂ ಅದರ ಮೇಲೆ ಎಲೆ ಕೂರುತ್ತದೆ, ಸಣ್ಣ ಪುಡಿ ಒಳಗೆ ಸೇರುತ್ತದೆ, ಆಗ ತೊಳೆಯಲು ಜಾಲರಿಯನ್ನೂ ಬಿಚ್ಚಬೇಕು. ವರ್ಷಕ್ಕೆ ಎರಡು ಬಾರಿ, ಎಲೆ ಉದುರಿದ ಮೇಲೊಮ್ಮೆ, ಮಳೆಗಾಲಕ್ಕೆ ಮುನ್ನ ಇನ್ನೊಮ್ಮೆ ಕೈಯಿಂದ ತೆಗೆಯುವುದೇ ನಮಗೆ ಸರಿಯೆನಿಸಿದೆ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಂದೆರಡು ವಾರದೊಳಗೆ ಹಾರುವ ಸೊಳ್ಳೆಯಾಗಬಲ್ಲದು, ಆದ್ದರಿಂದ ಮಳೆ ನಿಂತ ಮೇಲೂ ದೋಣಿಯಲ್ಲಿ ನೀರು ಉಳಿದಿದ್ದರೆ ಬ್ರಾಕೆಟ್ ಸರಿಪಡಿಸಲು ತಡ ಮಾಡಬಾರದು. ಏಣಿಯನ್ನು ದೋಣಿಗೆ ಒರಗಿಸದೆ ಗೋಡೆಗೆ ಆನಿಸುವ ಅಡ್ಡಪಟ್ಟಿ ಬಳಸಿ, ನಾಲ್ಕು ಅಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ದೂರವಿಟ್ಟು, ಕೆಳಗೊಬ್ಬರು ಹಿಡಿದಿರುವಾಗ ಮಾತ್ರ ಹತ್ತಬೇಕು. ಹತ್ತಿರ ವಿದ್ಯುತ್ ತಂತಿ ಇದ್ದರೆ ಲೋಹದ ಏಣಿಯನ್ನು ಅತ್ತ ಒಯ್ಯಲೇಬಾರದು.

ಒಟ್ಟು ವೆಚ್ಚವನ್ನು ಕೂಡಿಸಿದಾಗ ದೋಣಿ ಮತ್ತು ಕೊಳವೆಗಳ ಪಾಲು ಮೂರನೇ ಒಂದಕ್ಕಿಂತ ಕಡಿಮೆಯಿತ್ತು. ಅತಿ ದೊಡ್ಡ ಪಾಲು ಸಾರವೆಯದ್ದು, ಅದು ಸುಮ್ಮನೆ ನಿಂತ ದಿನಗಳದ್ದೂ ಸೇರಿ. ಮೊದಲ ಮೂರು ತಿಂಗಳಲ್ಲಿ ಬಣ್ಣ, ಲೇಪನ, ಗಿಲಾವುಗಳಿಗೆ ಸುರಿದದ್ದು ಈ ಲೆಕ್ಕದಲ್ಲಿ ಇಲ್ಲ.

ಸಾರವೆ ಬಿಚ್ಚಿದ ಮರುದಿನವೇ ಮಳೆ ಬಂತು. ಅದೇ ಟಾರ್ಚ್ ಹಿಡಿದು ಅದೇ ಜಾಗದಲ್ಲಿ ನಿಂತೆ. ಎರಡೂ ಕೊಳವೆಗಳಲ್ಲಿ ನೀರು ಇಳಿಯುವ ಸದ್ದು ಕೇಳುತ್ತಿತ್ತು. ಹಲಗೆಯ ತಳಕ್ಕೆ ಬೆರಳು ಆಡಿಸಿದೆ, ಒಣಗಿತ್ತು. ಒಳಗಿನ ಗೋಡೆ ಒಣಗಲು ಇನ್ನೂ ಕೆಲವು ತಿಂಗಳು ಬೇಕೆಂದು ಹೇಳಿದ್ದಾರೆ. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿದ್ದೇನೆ, ಅದು ಪೂರ್ತಿ ಆರುವವರೆಗೆ ಬಣ್ಣ ಹಚ್ಚಿಸುವುದಿಲ್ಲ.